ಎಡ್ವಿನ್‌ಸ್ಟೋ ಮತ್ತು ರಾಬಿನ್ ಹುಡ್: ಹಳ್ಳಿಯ ಇತಿಹಾಸದಲ್ಲಿ ಐತಿಹ್ಯದ ಪಾಲೆಷ್ಟು?

ಶರಾವತಿ ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಧ್ಯಭಾಗದಲ್ಲಿ ನೆಲೆಸಿರುವ ನಾವು ಕೆಲವು ಕುಟುಂಬದವರು ಸೇರಿ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಪತ್ರಿಕೆ ಹೊರತರುತ್ತಿದ್ದೇವೆ. ಮುಂದಿನ ಸಂಚಿಕೆಗೆ ನಾಟಿಂಗ್‌ಹ್ಯಾಮ್‌ಷೈರ್‌ನ ಎಡ್ವಿನ್‌ಸ್ಟೋ ಹಳ್ಳಿಯ ಬಗ್ಗೆ ಬರೆಯುವ ಹೊಣೆ ನನಗೆ ಬಂದಿದೆ.

ಷೆರ್ವುಡ್ ಕಾಡಿನ ಅಂಚಿನಲ್ಲೇ ಇರುವ ಈ ಹಳ್ಳಿಯಲ್ಲಿ ಎತ್ತ ನೋಡಿದರೂ ಐತಿಹ್ಯದ ಬಿಲ್ಲುಗಾರ ದರೋಡೆಕೋರ ರಾಬಿನ್ ಹುಡ್‌ನ ಹೆಸರೇ. ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ ಅವನಿಗೂ ಅವನ ಪ್ರೇಯಸಿ ಮೇಡ್ ಮೇರಿಯನ್‌ಗೂ ಮದುವೆಯಾಯಿತೆಂದು ಹೇಳುತ್ತಾರೆ; ಮುಖ್ಯ ರಸ್ತೆಯಲ್ಲಿ ಇಬ್ಬರ ಪ್ರತಿಮೆಯಿದೆ; ಕಾಡಿನೊಳಗೆ ಸ್ವಲ್ಪ ನಡೆದರೆ ಸಿಗುವ ಮೇಜರ್ ಓಕ್ ಎಂಬ ಭಾರಿ ಮರದ ಪೊಟರೆಯಲ್ಲಿ ಅವನೂ ಅವನ ಸಂಗಡಿಗರೂ ಅಡಗಿಕೊಳ್ಳುತ್ತಿದ್ದರಂತೆ. ಇದೆಲ್ಲ ಕೇಳಲು ಚೆನ್ನಾಗಿದೆ, ಮಕ್ಕಳಿಗೂ ಹಿಡಿಸುತ್ತದೆ. ಆದರೆ ಹತ್ತು ಹನ್ನೆರಡು ವರ್ಷದ ಮಕ್ಕಳು "ಇದು ನಿಜವಾಗಿ ನಡೆದದ್ದಾ?" ಎಂದು ಕೇಳದೆ ಬಿಡುವುದಿಲ್ಲ, ಮತ್ತು ಆ ಪ್ರಶ್ನೆಗೆ "ಹಾಗಂತಾರೆ" ಎಂಬ ಉತ್ತರ ಕೊಟ್ಟು ಜಾರಿಕೊಳ್ಳಲು ನನಗೆ ಮನಸ್ಸಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ರಾಬಿನ್ ಹುಡ್ ಬದುಕಿದ್ದನೆನ್ನಲಾಗುವ ಕಾಲದಲ್ಲಿ ಈ ಹಳ್ಳಿ ಹೇಗಿತ್ತು ಎಂಬುದಕ್ಕೆ ದಾಖಲೆಗಳಿವೆಯೆ? ಮದುವೆಯ ಕಥೆ ಎಷ್ಟು ಹಳೆಯದು? ಇಂಗ್ಲೆಂಡಿನಲ್ಲಿ ಇನ್ನೂ ಅನೇಕ ಊರುಗಳು ರಾಬಿನ್ ಹುಡ್ ತಮ್ಮವನೆನ್ನುವಾಗ, ಎಡ್ವಿನ್‌ಸ್ಟೋದ ಮಾತಿಗೆ ಹೆಚ್ಚಿನ ಆಧಾರವೇನಾದರೂ ಇದೆಯೆ? ಮಧ್ಯಯುಗದ ಇತಿಹಾಸ ಓದಿಕೊಂಡವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಕಡತ (ಉತ್ತರ):

ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ರಾಬಿನ್ ಹುಡ್‌ನನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಬೇಕಾಗುತ್ತದೆ, ಏಕೆಂದರೆ ಆ ಹಳ್ಳಿಯ ಕಥೆ ಅವನಿಗಿಂತ ಐದಾರು ಶತಮಾನ ಹಿಂದಿನಿಂದ ಆರಂಭವಾಗುತ್ತದೆ.

ಹಳ್ಳಿಯ ಹೆಸರಿನಲ್ಲಿರುವ ಎಡ್ವಿನ್ ಇಂಗ್ಲೆಂಡಿನ ಉತ್ತರಭಾಗದ ನಾರ್ತಂಬ್ರಿಯಾ ರಾಜ್ಯದ ರಾಜ. ಅವನು 627ರಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿದ. 633ರಲ್ಲಿ ಮಧ್ಯ ಇಂಗ್ಲೆಂಡಿನ ಮರ್ಸಿಯಾ ರಾಜ್ಯದ ಪೆಂಡಾ ಮತ್ತು ವೇಲ್ಸ್‌ನ ಗ್ವಿನೆಡ್‌ನ ಅರಸು ಕ್ಯಾಡ್ವಾಲನ್ ಇಬ್ಬರೂ ಒಟ್ಟಾಗಿ ಮಾಡಿದ ಯುದ್ಧದಲ್ಲಿ ಮಡಿದ. ನೂರು ವರ್ಷಗಳ ನಂತರ ಬರೆದ ಸಂನ್ಯಾಸಿ ಬೀಡ್, ರಾಜನ ತಲೆಯನ್ನು ಯಾರ್ಕ್‌ಗೆ ಒಯ್ಯಲಾಯಿತೆಂದು ದಾಖಲಿಸಿದ್ದಾನೆ. ದೇಹವನ್ನು ಸ್ವಲ್ಪ ಕಾಲ ಇರಿಸಿದ್ದ ಜಾಗವೇ ಎಡ್ವಿನ್‌ಸ್ಟೋ, ಅಲ್ಲಿ ಎದ್ದ ಚಿಕ್ಕ ಗುಡಿಯ ಸುತ್ತ ಹಳ್ಳಿ ಬೆಳೆಯಿತು ಎಂಬುದು ಸ್ಥಳೀಯ ನಂಬಿಕೆ. ಯುದ್ಧ ನಡೆದದ್ದು ಡಾನ್‌ಕ್ಯಾಸ್ಟರ್ ಬಳಿಯ ಹ್ಯಾಟ್‌ಫೀಲ್ಡ್‌ನಲ್ಲಿ ಎಂಬುದು ಹಳೆಯ ಅಭಿಪ್ರಾಯ. ಆದರೆ ಎಡ್ವಿನ್‌ಸ್ಟೋದಿಂದ ಕೆಲವೇ ಮೈಲಿ ದೂರದ ಕಕ್ನಿ ಹಳ್ಳಿಯಲ್ಲಿ, 1951ರಲ್ಲಿ ಚರ್ಚಿನ ತಳಪಾಯ ಭದ್ರಪಡಿಸಲು ನೆಲ ಅಗೆದಾಗ, ಒತ್ತೊತ್ತಾಗಿ ಹೂಳಿದ್ದ ಇನ್ನೂರರಷ್ಟು ಅಸ್ಥಿಪಂಜರಗಳು ಸಿಕ್ಕವು. ಅವು ಎಡ್ವಿನ್‌ನ ಯುದ್ಧದಲ್ಲಿ ಸತ್ತವರವೆ, ಅಥವಾ 12ನೆಯ ಶತಮಾನದಲ್ಲಿ ಸ್ಟೀಫನ್ ರಾಜನ ಕಾಲದ ಅಂತರ್ಯುದ್ಧದವೆ ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ.

ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ 1086ರಲ್ಲಿ ಮಾಡಿಸಿದ ಭೂದಾಖಲೆಯಾದ ಡೂಮ್ಸ್‌ಡೇ ಗ್ರಂಥದಲ್ಲಿ ಈ ಹಳ್ಳಿ ರಾಜನದೇ ಆದ ಮ್ಯಾನ್ಸ್‌ಫೀಲ್ಡ್ ಜಮೀನಿಗೆ ಸೇರಿದ ಒಂದು ಚೂರು. ಅಲ್ಲಿ ಒಂದು ಚರ್ಚು, ಒಬ್ಬ ಪಾದ್ರಿ ಮತ್ತು ತುಂಡು ಭೂಮಿಯ ಮೇಲೆ ಬದುಕುವ ನಾಲ್ವರು ಬಡ ಒಕ್ಕಲುಗಳು ಇದ್ದರೆಂದು ಬರೆದಿದೆ. ಅಂದರೆ ಇದು ಕೋಟೆಯಿಲ್ಲದ, ಸಂತೆಯಿಲ್ಲದ, ದೊಡ್ಡ ಜಮೀನುದಾರನೂ ಇಲ್ಲದ ಕೆಲವೇ ಮನೆಗಳ ಊರು. ಹಾಗಿದ್ದೂ ಅಲ್ಲೊಂದು ಚರ್ಚು ಇತ್ತೆಂಬುದು ಗಮನಿಸಬೇಕಾದ ಸಂಗತಿ. ಎಡ್ವಿನ್‌ನ ನೆನಪಿಗೆ ಅಲ್ಲಿ ಏನೋ ಇದ್ದಿರಬೇಕೆಂಬ ಊಹೆಗೆ ಅದು ಬಲ ಕೊಡುತ್ತದೆ.

ಹಳ್ಳಿಯ ಮಧ್ಯಯುಗವನ್ನು ರೂಪಿಸಿದ್ದು ಅರಣ್ಯ ಕಾನೂನು. ಇಲ್ಲಿ ಮಕ್ಕಳಿಗೆ ಒಂದು ಮಾತು ಸ್ಪಷ್ಟಪಡಿಸಲೇಬೇಕು: ಅಂದಿನ ಷೆರ್ವುಡ್ ಎಂದರೆ ಮರಗಳಿಂದ ಕಿಕ್ಕಿರಿದ ದಟ್ಟಡವಿಯಲ್ಲ. ರಾಜನ ಬೇಟೆಗೆಂದು ವಿಶೇಷ ಕಾನೂನಿನ ಅಡಿಯಲ್ಲಿ ತಂದ ಪ್ರದೇಶ ಅದು. ನಾಟಿಂಗ್‌ಹ್ಯಾಮ್‌ಷೈರ್ ಕೌಂಟಿಯ (ಜಿಲ್ಲೆಯ) ಐದನೆಯ ಒಂದು ಭಾಗದಷ್ಟಿದ್ದ ಆ ಪ್ರದೇಶದೊಳಗೆ ಕುರುಚಲು ಬಯಲು, ಹೊಲ, ಹುಲ್ಲುಗಾವಲು, ಹಳ್ಳಿ ಎಲ್ಲವೂ ಇದ್ದವು. ಎಡ್ವಿನ್‌ಸ್ಟೋದ ಉತ್ತರಕ್ಕಿದ್ದ ಬರ್ಕ್‌ಲ್ಯಾಂಡ್ಸ್ ಮತ್ತು ಬಿಲ್‌ಹಾ ಎಂಬ ಎರಡು ಕಾಡುಗಳು ಮಾತ್ರ ನಿಜವಾದ ಮರಗಾಡು, ಮತ್ತು ಅವು ನೇರವಾಗಿ ರಾಜನ ಸೊತ್ತು. ಹಾಗಾಗಿ ಹಳ್ಳಿಗರು ಮನೆಯಿಂದ ಕೂಗಳತೆಯಲ್ಲಿದ್ದ ಕಾಡಿನಲ್ಲಿ ತಮ್ಮ ಇಷ್ಟದಂತೆ ಕೊಡಲಿ ಎತ್ತುವಂತಿರಲಿಲ್ಲ, ಬಿಲ್ಲು ಹಿಡಿದು ತಿರುಗುವಂತಿರಲಿಲ್ಲ. ಮನೆ ಕಾಯುವ ದೊಡ್ಡ ನಾಯಿ ಜಿಂಕೆಯ ಬೆನ್ನು ಹತ್ತದಿರಲೆಂದು ಅದರ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸಬೇಕಿತ್ತು. ಕತ್ತರಿಸದಿದ್ದರೆ ಮೂರು ಷಿಲಿಂಗ್ ದಂಡ. ಓಕ್ ಕಾಯಿ ಉದುರುವ ಕಾಲದಲ್ಲಿ ಹಂದಿ ಮೇಯಿಸುವುದಕ್ಕೂ ಶುಲ್ಕ, ಅದನ್ನು ವಸೂಲು ಮಾಡಲು ಬೇರೆ ಅಧಿಕಾರಿ.

ಈ ಕಾನೂನಿನ ಬಿಗಿ 1217ರ ಅರಣ್ಯ ಸನ್ನದಿನಿಂದ ಸ್ವಲ್ಪ ಸಡಿಲವಾಯಿತು. ಜಿಂಕೆ ಕೊಂದ ಕಾರಣಕ್ಕೆ ಇನ್ನು ಮುಂದೆ ಯಾರೂ ಪ್ರಾಣವನ್ನಾಗಲಿ ಕೈಕಾಲನ್ನಾಗಲಿ ಕಳೆದುಕೊಳ್ಳಬಾರದು ಎಂದು ಅದರಲ್ಲಿ ಬರೆಯಲಾಯಿತು. ದಂಡ ಕಟ್ಟಲಾಗದವನಿಗೆ ಒಂದು ವರ್ಷ ಒಂದು ದಿನದ ಸೆರೆ, ಆಮೇಲೆ ಜಾಮೀನು ಸಿಗದಿದ್ದರೆ ದೇಶಬಿಟ್ಟು ಹೋಗಬೇಕು. ಅದೇ ಸನ್ನದಿನಲ್ಲಿ, ರಾಜನ ಕರೆಯ ಮೇಲೆ ಕಾಡು ಹಾದುಹೋಗುವ ಬಿಷಪ್ಪನೋ ಅರ್ಲನೋ ಬ್ಯಾರನ್ನನೋ ಅರಣ್ಯಪಾಲಕನ ಕಣ್ಣೆದುರು ಒಂದೆರಡು ಪ್ರಾಣಿ ಹೊಡೆದುಕೊಳ್ಳಬಹುದೆಂದೂ ಇದೆ. ಬಡವನ ಹಸಿವಿಗೊಂದು ನ್ಯಾಯ, ದೊಡ್ಡವರ ದಾರಿ ಊಟಕ್ಕೊಂದು ನ್ಯಾಯ.

ನನಗೆ ಅತ್ಯಂತ ಪ್ರಿಯವಾದ ದಾಖಲೆ 1334ರದು. ಆ ವರ್ಷ ಷೆರ್ವುಡ್‌ನ ಅರಣ್ಯ ನ್ಯಾಯಸ್ಥಾನ ಸೇರಿದಾಗ, ರಾಜನ ಜಿಂಕೆಗಳ ವಿಷಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದವರಲ್ಲಿ ಸ್ವತಃ ಎಡ್ವಿನ್‌ಸ್ಟೋ ಚರ್ಚಿನ ಪಾದ್ರಿಯೂ ಒಬ್ಬನಾಗಿದ್ದ. ಮದುವೆಯ ಕಥೆಗೆ ಆಧಾರ ಹುಡುಕುವವರು ಆ ಚರ್ಚಿನ ನಿಜವಾದ ಬೇಟೆಗಳ್ಳನನ್ನು ಏಕೆ ಮರೆಯುತ್ತಾರೋ ನನಗೆ ಅರ್ಥವಾಗಿಲ್ಲ.

ಕೊನೆಯದಾಗಿ, ಹಳ್ಳಿಯಿಂದ ಎರಡು ಮೈಲಿಯ ಕಿಂಗ್ಸ್ ಕ್ಲಿಪ್‌ಸ್ಟೋನ್ ಎಂಬಲ್ಲಿ ಎರಡನೆಯ ಹೆನ್ರಿ ಕಟ್ಟಿಸಿದ ಬೇಟೆಯ ಅರಮನೆಯಿತ್ತು. ಸೆರೆಯಿಂದ ಬಿಡುಗಡೆಯಾಗಿ ಬಂದ ಒಂದನೆಯ ರಿಚರ್ಡ್, ತಮ್ಮ ಜಾನ್‌ನ ಕಡೆಯವರ ಹಿಡಿತದಲ್ಲಿದ್ದ ನಾಟಿಂಗ್‌ಹ್ಯಾಮ್ ಕೋಟೆಯನ್ನು 1194ರ ಮಾರ್ಚ್‌ನಲ್ಲಿ ಗೆದ್ದು, ಮರುದಿನವೇ ಕ್ಲಿಪ್‌ಸ್ಟೋನ್‌ಗೂ ಷೆರ್ವುಡ್‌ಗೂ ಬಂದ. ತಾನು ಹಿಂದೆಂದೂ ನೋಡದಿದ್ದ ಆ ಕಾಡು ಅವನಿಗೆ ಬಹಳ ಹಿಡಿಸಿತೆಂದು ಸಮಕಾಲೀನ ಇತಿಹಾಸಕಾರ ರೋಜರ್ ಆಫ್ ಹೌಡನ್ ಬರೆದಿದ್ದಾನೆ. 1290ರಲ್ಲಿ ಒಂದನೆಯ ಎಡ್ವರ್ಡ್ ಅಲ್ಲೇ ಪಾರ್ಲಿಮೆಂಟ್ ಸೇರಿಸಿದ. ನಾಲ್ಕು ಒಕ್ಕಲಿನ ಹಳ್ಳಿಯೆಂದು ಕಾಣುವ ಎಡ್ವಿನ್‌ಸ್ಟೋದ ಪಕ್ಕದ ದಾರಿಯಲ್ಲಿ ಇಂಗ್ಲೆಂಡಿನ ಆಳುವವರೆಲ್ಲ ಓಡಾಡಿದ್ದಾರೆ. ನೀವು ಲೇಖನ ಬರೆಯುವಾಗ ಇದನ್ನು ಬಿಡಬೇಡಿ.

ಲಾವಣಿಪ್ರಿಯ (ಉತ್ತರ):

ಹಳೆಯ ಕಡತ ಅವರು ಹಳ್ಳಿಯ ಬಗ್ಗೆ ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ. ನಾನು ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ.

ಮದುವೆಯ ಕಥೆ ಮಧ್ಯಯುಗದ್ದಲ್ಲ, ಏಕೆಂದರೆ ಮಧ್ಯಯುಗದ ರಾಬಿನ್ ಹುಡ್‌ಗೆ ಮೇರಿಯನ್ ಎಂಬವಳೇ ಇರಲಿಲ್ಲ. ಅವನ ಬಗ್ಗೆ ಉಳಿದಿರುವ ಅತ್ಯಂತ ಹಳೆಯ ಲಾವಣಿಗಳಲ್ಲಿ ಒಂದೆಡೆಯೂ ಅವಳ ಹೆಸರಿಲ್ಲ. ಹದಿಮೂರನೆಯ ಶತಮಾನದ ಫ್ರಾನ್ಸಿನಲ್ಲಿ ರಾಬಿನ್ ಎಂಬ ಹಳ್ಳಿಯ ಹುಡುಗ, ಮೇರಿಯನ್ ಎಂಬ ಕುರಿಗಾಹಿ ಹುಡುಗಿ ಇವರ ಪ್ರೇಮದ ಹಾಡುಗಳೂ ಆಟಗಳೂ ಬೇರೆಯಾಗಿಯೇ ಇದ್ದವು. ಇಂಗ್ಲೆಂಡಿನಲ್ಲಿ ಮೇ ತಿಂಗಳ ಹಬ್ಬದ ವೇಷಗಳಲ್ಲಿ ಈ ಮೇರಿಯನ್ನೂ ಬಿಲ್ಲುಗಾರ ರಾಬಿನ್ ಹುಡ್ಡೂ ಎದುರುಬದುರಾದರು. 16ನೆಯ ಶತಮಾನದ ಹೊತ್ತಿಗೆ ಜನ ಅವರನ್ನು ಜೋಡಿ ಮಾಡಿಬಿಟ್ಟರು. ಅದಕ್ಕಿಂತ ತಮಾಷೆಯೆಂದರೆ, 17ನೆಯ ಶತಮಾನದ ಒಂದು ಮುದ್ರಿತ ಲಾವಣಿಯಲ್ಲಿ ರಾಬಿನ್ ಹುಡ್ ಮದುವೆಯಾಗುವುದು ಕ್ಲೊರಿಂಡಾ ಎಂಬ ಬೇರೊಬ್ಬಳನ್ನು, ಅದೂ ಸ್ಟ್ಯಾಫರ್ಡ್‌ಷೈರ್‌ನ ಟಟ್‌ಬರಿಯ ಕಡೆ. ಹಳೆಯ ಲಾವಣಿಯಲ್ಲಿ ನಿಜವಾಗಿ ಬರುವ ಸೇಂಟ್ ಮೇರಿ ಚರ್ಚು ಎಡ್ವಿನ್‌ಸ್ಟೋದ್ದಲ್ಲ, ನಾಟಿಂಗ್‌ಹ್ಯಾಮ್ ಪಟ್ಟಣದ್ದು. ಅಲ್ಲಿಗೆ ಅವನು ಹೋಗುವುದು ಮದುವೆಗಲ್ಲ, ಪೂಜೆಗೆ, ಮತ್ತು ಅಲ್ಲೇ ಒಬ್ಬ ಸಂನ್ಯಾಸಿ ಅವನನ್ನು ಗುರುತಿಸಿ ಹಿಡಿಸಿಕೊಡುತ್ತಾನೆ. ಈ ಲಾವಣಿಯ ಹಸ್ತಪ್ರತಿ ಸುಮಾರು 1450ರದು. ಆ ಸಂನ್ಯಾಸಿಯನ್ನು ರಾಬಿನ್‌ನ ಸಂಗಡಿಗ ಲಿಟಲ್ ಜಾನ್ ಕೊಲ್ಲುತ್ತಾನೆ; ಜೊತೆಯಲ್ಲಿದ್ದ ಚಿಕ್ಕ ಸೇವಕ ಹುಡುಗ ಬಾಯಿ ಬಿಟ್ಟಾನೆಂದು ಅವನನ್ನೂ ಇನ್ನೊಬ್ಬ ಸಂಗಡಿಗ ಮಚ್ ಕೊಂದುಹಾಕುತ್ತಾನೆ. ಮಕ್ಕಳ ಪತ್ರಿಕೆಗೆ ಇದು ಬೇಡ, ಆದರೆ ಹಳೆಯ ಕಥೆಯ ಸ್ವಭಾವ ಎಂಥದ್ದೆಂಬುದು ಬರೆಯುವವರಿಗೆ ತಿಳಿದಿರಬೇಕು.

ರಾಬಿನ್ ಹುಡ್‌ನ ಹೆಸರು ಸಾಹಿತ್ಯದಲ್ಲಿ ಮೊದಲು ಕಾಣಿಸಿಕೊಳ್ಳುವುದು ಸುಮಾರು 1377ರಲ್ಲಿ, ವಿಲಿಯಂ ಲ್ಯಾಂಗ್‌ಲಂಡ್ ಬರೆದ ಪಿಯರ್ಸ್ ಪ್ಲೌಮನ್ ಕಾವ್ಯದಲ್ಲಿ. ಅಲ್ಲಿ ಸೋಮಾರಿತನವೇ ಒಬ್ಬ ಪಾದ್ರಿಯ ರೂಪದಲ್ಲಿ ಬಂದು, ತನಗೆ ಪ್ರಾರ್ಥನೆ ಸರಿಯಾಗಿ ಬಾರದು, ಆದರೆ ರಾಬಿನ್ ಹುಡ್‌ನ ಪದ್ಯಗಳು ಬರುತ್ತವೆ ಎಂದು ಒಪ್ಪಿಕೊಳ್ಳುತ್ತದೆ. ಅಂದರೆ ಆ ಹೊತ್ತಿಗೆ ಕಥೆಗಳು ಜನರ ಬಾಯಲ್ಲಿ ಚೆನ್ನಾಗಿ ಹರಡಿದ್ದವು. ಷೆರ್ವುಡ್‌ನೊಂದಿಗಿನ ನಂಟು ಕೂಡ ಹೊಸದಲ್ಲ. ಲಿಂಕನ್ ಕೆಥೆಡ್ರಲ್‌ಗೆ ಸೇರಿದ, 15ನೆಯ ಶತಮಾನದ ಆರಂಭದ ಒಂದು ಹಸ್ತಪ್ರತಿಯಲ್ಲಿ ಯಾರೋ ಗೀಚಿದ ಸಾಲಿನಲ್ಲಿ ರಾಬಿನ್ ಹುಡ್ ಷೆರ್ವುಡ್‌ನಲ್ಲಿ ನಿಂತಿದ್ದಾನೆ. ಹಾಗಾಗಿ ಕಾಡಿನ ಹಕ್ಕುಸಾಧನೆ ಗಟ್ಟಿ. ಆ ಕಾಡಿನ ಹಲವು ಹಳ್ಳಿಗಳಲ್ಲಿ ಒಂದಾದ ಎಡ್ವಿನ್‌ಸ್ಟೋದ್ದು ಮಾತ್ರ ಸಡಿಲ.

ಇವನು ರಿಚರ್ಡ್ ರಾಜನ ಕಾಲದವನೆಂಬ ನಂಬಿಕೆಯೂ ತಡವಾಗಿ ಬಂದದ್ದೇ. ಅವನಿಗೆ ಒಂದು ಕಾಲ ನಿಗದಿಪಡಿಸಲು ಮೊದಲು ಹೊರಟ ಮೂವರೂ ಸ್ಕಾಟ್ಲೆಂಡಿನ ಇತಿಹಾಸಕಾರರು. ಆಂಡ್ರ್ಯೂ ಆಫ್ ವಿಂಟನ್ 1420ರ ಸುಮಾರಿಗೆ ಅವನನ್ನು 1283ರ ಅಡಿಯಲ್ಲಿ ಬರೆದ; ವಾಲ್ಟರ್ ಬೋವರ್ 1440ರ ದಶಕದಲ್ಲಿ 1266ಕ್ಕೆ, ಅಂದರೆ ರಾಜನ ವಿರುದ್ಧ ಎದ್ದ ಶ್ರೀಮಂತ ಸೈಮನ್ ಡಿ ಮಾಂಟ್‌ಫರ್ಟ್‌ನ ಬಂಡಾಯದ ಬೆನ್ನಿಗೆ ತಂದ; 1521ರಲ್ಲಿ ಜಾನ್ ಮೇಜರ್ ಎಂಬಾತ 1190ರ ದಶಕಕ್ಕೆ, ರಿಚರ್ಡ್‌ನ ಕಾಲಕ್ಕೆ ಒಯ್ದ. ಗೆದ್ದದ್ದು ಮೂರನೆಯವನ ಮಾತು. 1598ರಲ್ಲಿ ಆಂಥನಿ ಮಂಡೆ ಬರೆದ ನಾಟಕಗಳು ಸಾಮಾನ್ಯ ಯೋಮನ್ (ಕುಲೀನನಲ್ಲದ ಸ್ವತಂತ್ರ ಪ್ರಜೆ) ಆಗಿದ್ದವನನ್ನು ಹಂಟಿಂಗ್ಡನ್‌ನ ಅರ್ಲ್ ಮಾಡಿದವು. ವಾಲ್ಟರ್ ಸ್ಕಾಟ್‌ನ ಐವನ್‌ಹೋ ಕಾದಂಬರಿ 1819ರ ಕೊನೆಯಲ್ಲಿ ಬಂದ ಮೇಲೆ ರಿಚರ್ಡ್, ಜಾನ್, ಸ್ಯಾಕ್ಸನ್ ಮತ್ತು ನಾರ್ಮನ್ನರ ಹಗೆ ಎಲ್ಲವೂ ಸೇರಿ ನಾವೆಲ್ಲ ಇಂದು ಬಲ್ಲ ಕಥೆಯಾಯಿತು.

ಮೇಜರ್ ಓಕ್ ಬಗ್ಗೆ ಒಂದು ಮಾತು. ಆ ಮರದ ವಯಸ್ಸು 800ರಿಂದ 1000 ವರ್ಷ ಎಂದು ಅಂದಾಜು. ಕಡಿಮೆ ವಯಸ್ಸಿನ ಅಂದಾಜನ್ನು ಒಪ್ಪಿದರೆ, ರಿಚರ್ಡ್‌ನ ಕಾಲಕ್ಕೆ ಅದರಲ್ಲಿ ಮನುಷ್ಯ ಅಡಗುವುದಿರಲಿ, ಗುಬ್ಬಿ ಕೂರಲೂ ಜಾಗವಿರುತ್ತಿರಲಿಲ್ಲ. ಅದಕ್ಕೆ ಈಗಿನ ಹೆಸರು ಬಂದದ್ದು 1790ರಲ್ಲಿ ಈ ಭಾಗದ ಓಕ್ ಮರಗಳ ಬಗ್ಗೆ ಪುಸ್ತಕ ಪ್ರಕಟಿಸಿದ ಮೇಜರ್ ಹೇಮನ್ ರೂಕ್ ಎಂಬ ನಿವೃತ್ತ ಸೈನ್ಯಾಧಿಕಾರಿಯಿಂದ. 1890ರ ದಶಕದ ಕೊನೆಗೆ ಎಡ್ವಿನ್‌ಸ್ಟೋಗೆ ರೈಲು ಬಂತು, ಪ್ರವಾಸಿಗರು ಬಂದರು, ಪ್ರವಾಸಿಗರಿಗೆ ಬೇಕಾದ ಕಥೆಗಳು ಹಳ್ಳಿಯಲ್ಲಿ ನೆಲೆ ನಿಂತವು.

ಡಾನ್‌ಕ್ಯಾಸ್ಟರ್ ಕನ್ನಡಿಗ (ಉತ್ತರ):

ಮೂರನೆಯ ಪ್ರಶ್ನೆಗೆ ಯಾರೂ ಇನ್ನೂ ನೇರವಾಗಿ ಕೈ ಹಾಕಿಲ್ಲ. ನಾನು ಯಾರ್ಕ್‌ಷೈರ್‌ನವರ ಪರವಾಗಿ ವಾದಿಸುತ್ತಿದ್ದೇನೆ ಎಂಬ ಆರೋಪಕ್ಕೆ ಸಿದ್ಧನಾಗಿಯೇ ಹೇಳುತ್ತೇನೆ: ರಾಬಿನ್ ಹುಡ್‌ನಿಗೆ ಒಂದು ಹಳ್ಳಿ ಬೇಕೆಂದಿದ್ದರೆ ಅದು ಎಡ್ವಿನ್‌ಸ್ಟೋ ಅಲ್ಲ, ವೆಂಟ್‌ಬ್ರಿಜ್.

ಪಾಂಟಿಫ್ರಾಕ್ಟ್ ಮತ್ತು ಡಾನ್‌ಕ್ಯಾಸ್ಟರ್ ನಡುವೆ, ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹಳೆಯ ಹೆದ್ದಾರಿ ವೆಂಟ್ ಹೊಳೆಯ ಕಣಿವೆಗೆ ಇಳಿಯುತ್ತಿದ್ದಲ್ಲಿ ಈ ಹಳ್ಳಿಯಿದೆ. ಸುತ್ತಲಿನ ಪ್ರದೇಶಕ್ಕೆ ಬಾರ್ನ್ಸ್‌ಡೇಲ್ ಎಂದು ಹೆಸರು. 1500ರ ಆಸುಪಾಸಿನಲ್ಲಿ ಅಚ್ಚಾದ 'ಎ ಗೆಸ್ಟ್ ಆಫ್ ರಾಬಿನ್ ಹುಡ್' ಎಂಬ ದೀರ್ಘ ಲಾವಣಿ ಆರಂಭವಾಗುವುದೇ ಬಾರ್ನ್ಸ್‌ಡೇಲ್‌ನಲ್ಲಿ. ಊಟಕ್ಕೆ ಒಬ್ಬ ಅತಿಥಿ ಬೇಕೆಂದು ಹೇಳಿ ರಾಬಿನ್ ತನ್ನವರನ್ನು ಸೇಲಿಸ್ ಎಂಬ ಎತ್ತರದ ಜಾಗಕ್ಕೆ ಕಳುಹಿಸುತ್ತಾನೆ. ಸೇಲಿಸ್ ಕವಿಯ ಕಲ್ಪನೆಯಲ್ಲ. 1346ರ ತೆರಿಗೆ ದಾಖಲೆಯಲ್ಲಿ ಒಂದು ಸಣ್ಣ ಹಿಡುವಳಿಯಾಗಿ ಅದರ ಹೆಸರಿದೆ, ಮತ್ತು ವೆಂಟ್‌ಬ್ರಿಜ್‌ನ ಮೇಲ್ಗಡೆ, ರಸ್ತೆ ಕಾಣುವಂತಹ ದಿಬ್ಬದಲ್ಲಿ ಆ ಜಾಗವನ್ನು ಗುರುತಿಸಲಾಗಿದೆ. ಕುಂಬಾರನ ಕಥೆ ಹೇಳುವ ಇನ್ನೊಂದು ಹಳೆಯ ಲಾವಣಿಯಲ್ಲಿ, ತಾನು ಆ ಕುಂಬಾರನನ್ನು ಎದುರಿಸಿದ್ದು ವೆಂಟ್‌ಬ್ರಿಜ್‌ನಲ್ಲಿ ಎಂದು ಲಿಟಲ್ ಜಾನ್ ಹೆಸರು ಹಿಡಿದೇ ಹೇಳುತ್ತಾನೆ. ಎಡ್ವಿನ್‌ಸ್ಟೋದ ಹೆಸರು ಇಂತಹ ಯಾವ ಹಳೆಯ ಲಾವಣಿಯಲ್ಲಿದೆ, ಹೇಳಿ?

ಬಾರ್ನ್ಸ್‌ಡೇಲ್ ನಿಜಕ್ಕೂ ದರೋಡೆಯ ಜಾಗವಾಗಿತ್ತು ಎಂಬುದಕ್ಕೆ ಲೆಕ್ಕಪುಸ್ತಕದ ಸಾಕ್ಷಿಯೂ ಇದೆ. 1306ರಲ್ಲಿ ಸ್ಕಾಟ್ಲೆಂಡಿನ ಇಬ್ಬರು ಬಿಷಪ್ಪರನ್ನೂ ಒಬ್ಬ ಮಠಾಧಿಪತಿಯನ್ನೂ ಸೆರೆಯಾಳುಗಳಾಗಿ ದಕ್ಷಿಣಕ್ಕೆ ಕರೆದೊಯ್ಯುವಾಗ, ಬಾರ್ನ್ಸ್‌ಡೇಲ್ ಬಂತೆಂಬ ಕಾರಣಕ್ಕೆ ಕಾವಲಿನ ಬಿಲ್ಲುಗಾರರ ಸಂಖ್ಯೆ ಹೆಚ್ಚಿಸಿದ್ದು ದಾಖಲಾಗಿದೆ. 1422ರ ಒಂದು ಮಠದ ಪತ್ರದಲ್ಲಿ ಇಲ್ಲಿ ರಾಬಿನ್ ಹುಡ್‌ನ ಕಲ್ಲು ಎಂಬ ಗಡಿಗುರುತು ಬರುತ್ತದೆ. 1429ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಒಬ್ಬ ನ್ಯಾಯಾಧೀಶ, ರಾಬಿನ್ ಹುಡ್ ಬಾರ್ನ್ಸ್‌ಡೇಲ್‌ನಲ್ಲಿ ನಿಂತಿದ್ದ ಎಂಬ ಸಾಲನ್ನು ಎಲ್ಲರಿಗೂ ಗೊತ್ತಿರುವ ಮಾತಿನಂತೆ ಉದ್ಧರಿಸಿದ.

ಇನ್ನೊಂದು ವಿಷಯ. ಬಾರ್ನ್ಸ್‌ಡೇಲ್ ರಾಜನ ಮೀಸಲು ಅರಣ್ಯವೇ ಆಗಿರಲಿಲ್ಲ. ಹಳೆಯ ಕಡತ ಅವರು ವರ್ಣಿಸಿದ ನಾಯಿಯ ಉಗುರು, ಹಂದಿಯ ಶುಲ್ಕ ಇಲ್ಲಿ ಅನ್ವಯವಾಗುತ್ತಿರಲಿಲ್ಲ. ಗೆಸ್ಟ್‌ನ ಸಿಟ್ಟು ಬೇರೆಯ ಕಡೆಗಿದೆ: ಯಾರ್ಕ್‌ನ ಸೇಂಟ್ ಮೇರಿ ಮಠಕ್ಕೆ 400 ಪೌಂಡ್ ಸಾಲ ತೀರಿಸಲಾಗದೆ ಭೂಮಿ ಕಳೆದುಕೊಳ್ಳಲಿರುವ ಒಬ್ಬ ನೈಟ್‌ಗೆ ರಾಬಿನ್ ಹಣ ಕೊಡುತ್ತಾನೆ, ಆಮೇಲೆ ಅದೇ ಮಠದ ಸಂನ್ಯಾಸಿಯನ್ನು ದೋಚಿ ವಸೂಲು ಮಾಡಿಕೊಳ್ಳುತ್ತಾನೆ. ಸಾಲ, ಬಡ್ಡಿ, ಮಠದ ದುರಾಸೆ, ಹೆದ್ದಾರಿ: ಇವು ಅದರ ವಸ್ತು. ಕಥೆಯಲ್ಲಿ ರಾಬಿನ್‌ನ ಶತ್ರುವಾದ ನಾಟಿಂಗ್‌ಹ್ಯಾಮ್ ಶೆರಿಫ್‌ಗೆ, ಅಂದರೆ ಆ ಕೌಂಟಿಯ ರಾಜಾಧಿಕಾರಿಗೆ, ಯಾರ್ಕ್‌ಷೈರ್‌ನಲ್ಲಿ ಕಾಲಿಡುವ ಅಧಿಕಾರವೇ ಇರಲಿಲ್ಲ. ಆದರೂ ಅವನು ಕಥೆಯಲ್ಲಿ ಇದ್ದಾನೆಂದರೆ, ಬೇರೆ ಬೇರೆ ಕಡೆಯ ಎರಡು ಕಥಾಸರಣಿಗಳನ್ನು ಯಾರೋ ಒಟ್ಟಿಗೆ ಹೊಲಿದಿದ್ದಾರೆ ಎಂದೇ ಅರ್ಥ. ಆ ಹೊಲಿಗೆ ಎದ್ದು ಕಾಣುತ್ತದೆ.

ಶರಾವತಿ ತೀರ:

ಮೂವರಿಗೂ ಕೃತಜ್ಞತೆಗಳು. ಇಷ್ಟು ವಿವರ ಸಿಗುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಎರಡು ಸಂದೇಹಗಳು ಉಳಿದಿವೆ. ರಾಬಿನ್ ಹುಡ್ ಎಂಬ ಒಬ್ಬ ವ್ಯಕ್ತಿ ಯಾವ ಸರ್ಕಾರಿ ದಾಖಲೆಯಲ್ಲೂ ಇಲ್ಲವೆ? ಮತ್ತು ಕಾನೂನಿನಿಂದ ಬಹಿಷ್ಕೃತನಾಗುವುದು ಎಂದರೆ ಆ ಕಾಲದಲ್ಲಿ ವಾಸ್ತವವಾಗಿ ಏನು? ಮಕ್ಕಳು ಅದನ್ನು ಕಾಡಿಗೆ ಓಡಿಹೋಗುವ ಸಾಹಸ ಎಂದಷ್ಟೇ ತಿಳಿದಿದ್ದಾರೆ.

ಹಳೆಯ ಕಡತ:

ಎರಡನೆಯದಕ್ಕೆ ಮೊದಲು ಉತ್ತರಿಸಿದರೆ ಮೊದಲನೆಯದು ಸುಲಭವಾಗುತ್ತದೆ.

ಅಪರಾಧದ ಆರೋಪ ಹೊತ್ತವನು ನ್ಯಾಯಸ್ಥಾನಕ್ಕೆ ಬಾರದಿದ್ದರೆ, ಕೌಂಟಿಯ ಸಭೆಯಲ್ಲಿ ಅವನ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿದ್ದರು. ಹಲವು ಸಭೆ ಕಳೆದರೂ ಅವನು ಹಾಜರಾಗದಿದ್ದರೆ ಅವನನ್ನು ಕಾನೂನಿನ ಹೊರಗಿನವನೆಂದು ಘೋಷಿಸುತ್ತಿದ್ದರು. ಅಲ್ಲಿಂದ ಮುಂದೆ ಅವನಿಗೆ ಆಸ್ತಿಯಿಲ್ಲ, ದೂರು ಕೊಡುವ ಹಕ್ಕಿಲ್ಲ, ಅವನಿಗೆ ಅನ್ನ ಹಾಕಿದವನೂ ಅಪರಾಧಿ. ಅವನ ತಲೆ ತೋಳದ ತಲೆಗೆ ಸಮ ಎಂದು ಕಾನೂನೇ ಹೇಳುತ್ತಿತ್ತು. ತಪ್ಪು ಮಾಡದವರೂ ದಂಡಕ್ಕೆ ಅಥವಾ ಸೆರೆಗೆ ಹೆದರಿ ಬಾರದೆ ಉಳಿಯುತ್ತಿದ್ದುದರಿಂದ ಹೀಗೆ ಬಹಿಷ್ಕೃತರಾದವರ ಸಂಖ್ಯೆ ಸಣ್ಣದಾಗಿರಲಿಲ್ಲ. ಇವರಲ್ಲಿ ಬಹುಮಂದಿ ಕಾಡಿಗೆ ಹೋಗಿ ದಳ ಕಟ್ಟಲಿಲ್ಲ, ಪಕ್ಕದ ಕೌಂಟಿಗೋ ಪಟ್ಟಣಕ್ಕೋ ನುಸುಳಿ ಬೇರೆ ಹೆಸರಿನಲ್ಲಿ ಬದುಕಿದರು.

ಇಂಥವನ ಸಾಮಾನು ಸರಂಜಾಮು ರಾಜನ ಬೊಕ್ಕಸಕ್ಕೆ ಸೇರುತ್ತಿದ್ದುದರಿಂದ ಗುಮಾಸ್ತರು ಅದರ ಬೆಲೆಯನ್ನು ಬರೆದಿಡುತ್ತಿದ್ದರು. ರಾಬಿನ್ ಎಂಬುದು ರಾಬರ್ಟ್ ಹೆಸರಿನ ಮೊಟಕು ರೂಪ. ನಮಗೆ ರಾಬರ್ಟ್ ಹಾಡ್ ಸಿಗುವುದು ಹೀಗೆ: 1225ರಲ್ಲಿ ಯಾರ್ಕ್‌ನ ನ್ಯಾಯಾಧಿಕರಣದಲ್ಲಿ ತಲೆಮರೆಸಿಕೊಂಡವನೆಂದು ಹೆಸರಿಸಲಾದ ಅವನ ಸೊತ್ತಿನ ಬೆಲೆ 32 ಷಿಲಿಂಗ್ 6 ಪೆನ್ಸ್. ಮುಂದಿನ ವರ್ಷಗಳ ಲೆಕ್ಕದಲ್ಲೂ ಅವನ ಹೆಸರು ಬರುತ್ತದೆ, ಒಮ್ಮೆ ಹಾಬ್‌ಹಾಡ್ ಎಂದು. ಅವನೇ ಐತಿಹ್ಯದ ಮೂಲಪುರುಷನೆಂದು ಹೇಳುವವರಿದ್ದಾರೆ. ರಾಬರ್ಟ್, ಹುಡ್ ಎರಡೂ ಆಗ ಸಾಮಾನ್ಯ ಹೆಸರುಗಳಾದ್ದರಿಂದ ನಾನು ಆ ಗುಂಪಿಗೆ ಸೇರಿದವನಲ್ಲ. ನನಗೆ ಹೆಚ್ಚು ಮಹತ್ವದ್ದೆನಿಸುವುದು 1262ರ ದಾಖಲೆ. ಬರ್ಕ್‌ಷೈರ್‌ನಲ್ಲಿ ತಲೆಮರೆಸಿಕೊಂಡಿದ್ದ, ರಾಬರ್ಟ್ ಎಂಬ ಕಮ್ಮಾರನ ಮಗ ವಿಲಿಯಂ ಎಂಬವನನ್ನು ಗುಮಾಸ್ತನೊಬ್ಬ ವಿಲಿಯಂ ರಾಬ್‌ಹಾಡ್ ಎಂದು ಬದಲಾಯಿಸಿ ಬರೆದಿದ್ದಾನೆ. ಓಡಿಹೋದ ಕಳ್ಳನಿಗೆ ಆ ಅಡ್ಡಹೆಸರು ಅಂಟಿಸಬೇಕೆಂದು ಗುಮಾಸ್ತನಿಗೆ ತೋಚಿತೆಂದರೆ, ಅಷ್ಟರಲ್ಲಾಗಲೇ ಕಥೆ ಪ್ರಚಾರದಲ್ಲಿತ್ತು. ಹೀಗಾಗಿ ಬೋವರನ 1266 ಮತ್ತು ವಿಂಟನ್‌ನ 1283 ಎರಡೂ ತಡವಾಗುತ್ತವೆ. ಫ್ರಯರ್ ಟಕ್‌ನ (ಕಥೆಗಳಲ್ಲಿ ರಾಬಿನ್‌ನ ಸಂಗಡಿಗನಾದ ಸಂನ್ಯಾಸಿ) ವಿಷಯದಲ್ಲೂ ಹೀಗೆಯೇ: 1417ರಲ್ಲಿ ಸಸೆಕ್ಸ್‌ನ ಲಿಂಡ್‌ಫೀಲ್ಡ್‌ನ ಪಾದ್ರಿ ರಾಬರ್ಟ್ ಸ್ಟಾಫರ್ಡ್ ಎಂಬವನು ಫ್ರಯರ್ ಟಕ್ ಎಂಬ ಹೆಸರಿಟ್ಟುಕೊಂಡು ದರೋಡೆ ಮಾಡುತ್ತಿದ್ದ.

ಇನ್ನು ಡಾನ್‌ಕ್ಯಾಸ್ಟರ್ ಕನ್ನಡಿಗರಿಗೆ. ವೆಂಟ್‌ಬ್ರಿಜ್‌ನ ಬಗ್ಗೆ ತಾವು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಗೆಸ್ಟ್‌ನ ಸಿಟ್ಟು ಮಠದ ಕಡೆಗಷ್ಟೇ ಇದೆ ಎನ್ನುವುದು ಪೂರ್ತಿ ಸರಿಯಲ್ಲ. ಅದೇ ಲಾವಣಿಯ ಉತ್ತರಾರ್ಧದಲ್ಲಿ ಎಡ್ವರ್ಡ್ ಎಂಬ ರಾಜ ಉತ್ತರಕ್ಕೆ ಬಂದಾಗ ತನ್ನ ಉದ್ಯಾನದಲ್ಲಿ ಜಿಂಕೆಗಳೇ ಉಳಿದಿಲ್ಲವೆಂದು ಕಂಡು ಕೆರಳುತ್ತಾನೆ. ಮಠಾಧಿಪತಿಯ ವೇಷದಲ್ಲಿ ಕಾಡಿಗೆ ಬಂದು ರಾಬಿನ್‌ನ ಪಂಕ್ತಿಯಲ್ಲಿ ಕುಳಿತು ತನ್ನದೇ ಜಿಂಕೆಯ ಮಾಂಸ ಉಣ್ಣುತ್ತಾನೆ. ಇದು ರಸ್ತೆಯ ಕಥೆಯಲ್ಲ, ಅರಣ್ಯ ಕಾನೂನಿನ ಅಡಿಯಲ್ಲಿ ಬದುಕಿದವರು ಕೇಳಿ ನಕ್ಕ ಕಥೆ. ಲಾವಣಿಯಲ್ಲಿ ಎಡ್ವಿನ್‌ಸ್ಟೋದ ಹೆಸರಿಲ್ಲ ನಿಜ, ಆದರೆ ಆ ನಗುವಿಗೆ ಕಾರಣವಾದ ಬದುಕು ಎಂಥದ್ದೆಂದು ಎಡ್ವಿನ್‌ಸ್ಟೋದ ದಾಖಲೆಗಳಲ್ಲಿ ಕಾಣುವಷ್ಟು ಚೆನ್ನಾಗಿ ವೆಂಟ್‌ಬ್ರಿಜ್‌ನಲ್ಲಿ ಕಾಣುವುದಿಲ್ಲ.

ಡಾನ್‌ಕ್ಯಾಸ್ಟರ್ ಕನ್ನಡಿಗ:

ರಾಜನ ಊಟದ ಪ್ರಸಂಗಕ್ಕೆ ನನ್ನ ತಕರಾರಿಲ್ಲ. ಆದರೂ ರಾಜ ನೊಂದುಕೊಳ್ಳುವ ಆ ಉದ್ಯಾನವನ್ನು ಲಾವಣಿ ಪ್ಲಂಪ್ಟನ್ ಎಂದು ಕರೆಯುತ್ತದೆ, ಷೆರ್ವುಡ್ ಎಂದಲ್ಲ ಎಂಬುದನ್ನು ನೆನಪಿಸುತ್ತೇನೆ. ದಾಖಲೆ ಬೇಕಾದರೆ ಎಡ್ವಿನ್‌ಸ್ಟೋ, ಕಥೆಯ ಜಾಗ ಬೇಕಾದರೆ ವೆಂಟ್‌ಬ್ರಿಜ್. ಇದಕ್ಕಿಂತ ಹೆಚ್ಚು ಬಿಟ್ಟುಕೊಡಲಾರೆ.

ಲಾವಣಿಪ್ರಿಯ:

ಶರಾವತಿ ತೀರ ಅವರಿಗೆ ಬರವಣಿಗೆಯ ದೃಷ್ಟಿಯಿಂದ ಒಂದು ಸಲಹೆ. ಮದುವೆಯ ಕಥೆಯನ್ನು ಕೈಬಿಡಬೇಕಿಲ್ಲ. "ಊರಿನವರು ಹೀಗೆ ಹೇಳುತ್ತಾರೆ, ಹಳೆಯ ಲಾವಣಿಗಳಲ್ಲಿ ಇದು ಇಲ್ಲ" ಎಂದು ಎರಡನ್ನೂ ಬರೆದರೆ ಸಾಕು, ಮಕ್ಕಳಿಗೆ ಅರ್ಥವಾಗುತ್ತದೆ. ಪಾದ್ರಿಯ ಜಿಂಕೆ ಪ್ರಸಂಗವನ್ನು ಅದರ ಪಕ್ಕದಲ್ಲೇ ಇಡಿ.

ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಮೇಜರ್ ಓಕ್ ನೋಡಿ ಹಿಂತಿರುಗಬೇಡಿ. ಕಿಂಗ್ಸ್ ಕ್ಲಿಪ್‌ಸ್ಟೋನ್‌ನ ಹೊಲದಲ್ಲಿ ರಾಜರ ಅರಮನೆಯ ಕೆಲವು ಕಲ್ಲುಗೋಡೆಗಳು ಇನ್ನೂ ನಿಂತಿವೆ. ಬರ್ಕ್‌ಲ್ಯಾಂಡ್ಸ್ ಕಾಡಿನೊಳಗೆ, ಎಡ್ವಿನ್‌ಸ್ಟೋ, ವಾರ್ಸಾಪ್ ಮತ್ತು ಬಡ್ಬಿ ಈ ಮೂರು ಊರುಗಳ ಗಡಿ ಕೂಡುವಲ್ಲಿ ಥಿಂಗ್‌ಹೋ ಎಂಬ ದಿಣ್ಣೆಯಿದೆ. ವೈಕಿಂಗ್ ಮೂಲದ ಜನ ಸೇರಿ ನ್ಯಾಯ ತೀರ್ಮಾನಿಸುತ್ತಿದ್ದ ಜಾಗ ಅದು. 1816ರಲ್ಲಿ ಊರಿನ ಗಡಿ ಸುತ್ತಿ ನೋಡಿದವರು ಬರೆದಿಟ್ಟ ಪತ್ರದ ಸಹಾಯದಿಂದ ಸ್ಥಳೀಯ ಇತಿಹಾಸಾಸಕ್ತರೇ ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ಪತ್ತೆಹಚ್ಚಿದರು. ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಎಬೆನೀಜರ್ ಕಾಬಮ್ ಬ್ರೂವರ್ ಅವರ ಸಮಾಧಿಯನ್ನೂ ಹುಡುಕಿ. ನುಡಿಗಟ್ಟುಗಳಿಗೂ ಪುರಾಣಕಥೆಗಳಿಗೂ ಹೆಸರಾಂತ ಕೋಶ ರಚಿಸಿದ ಅವರು ಕೊನೆಗಾಲವನ್ನು ಅದೇ ಹಳ್ಳಿಯಲ್ಲಿ, ಅಲ್ಲಿನ ಪಾದ್ರಿಯಾಗಿದ್ದ ಅಳಿಯನ ಮನೆಯಲ್ಲಿ ಕಳೆದು 1897ರಲ್ಲಿ ತೀರಿಕೊಂಡರು.